ಮಾಳಿಗೆಯಿಂದ ಮಾಳಿಗೆಗೆ ಬೆಂಕಿಯ ಸುದ್ದಿ

ಕಾಲೇಜಿನ ಗೆಳತಿಯರೆ, ಇವತ್ತು ಬೆಳಿಗ್ಗೆ ನಮ್ಮ ಸುರಪುರದ ಗುಡ್ಡದ ಹುಲ್ಲಿಗೆ ಬೆಂಕಿ ಹತ್ತಿತು. ಬೇವಿನ ಟೊಂಗೆ ಹಿಡಿದು ಬಡಿದು ಆರಿಸಲು ಹೋದ ಗಂಡಸರಲ್ಲಿ ನಮ್ಮವರೂ ಇದ್ದರು. ಹೈದರಾಬಾದಿನಲ್ಲಿ ನಿಮಗೆ ತಂತಿ, ಟೆಲಿಫೋನು. ಇಲ್ಲಿ ನಮಗೆ ಮಾಳಿಗೆ. ಗುಡ್ಡದ ಬುಡದ ಮಾಳಿಗೆಯವರು ಕಂಡದ್ದನ್ನು ಕೂಗುತ್ತಾರೆ, ಪಕ್ಕದವರು ಮುಂದಕ್ಕೆ ದಾಟಿಸುತ್ತಾರೆ. ಕೂಸನ್ನು ಎತ್ತಿಕೊಂಡು ಮೇಲೇರಿದ ನಾನು ಇಳಿಯಲೇ ಇಲ್ಲ.

"ಬೆಂಕಿ ಎಲ್ಲಿಗೆ ಬಂತು, ಕೇಳ್ರಿ" ಎಂದು ಮತ್ತೆ ಅಂದಾಗ ಪಕ್ಕದ ಮಾಳಿಗೆಯ ಹುಸೇನಬಿ ರೇಗಿದಳು. "ಈಗ ಕೇಳೇನಲ್ಲ. ಬೆಂಕಿಗಿಂತ ನಿನ್ನ ಸವಾಲೇ ಜೋರದ. ನೀ ರಾತ್ರಿನೂ ಮಲಗಂಗಿಲ್ಲ, ಹಗಲೂ ಮಲಗಂಗಿಲ್ಲ." ಬೈಯುತ್ತಲೇ ಆಚೆಗೆ ಕೂಗಿದಳು.

ಮಧ್ಯಾಹ್ನ ಉತ್ತರ ತಂದವಳೂ ಅವಳೇ. "ಬೆಂಕಿ ಪೂರಾ ಆರ್‍ಯಾದ. ನಿನ್ನ ಗಂಡ ಮೀಸಿ ಸುಟ್ಟಕೊಂಡಾನ, ಬಾಕಿ ಖೈರಿಯತ್. ಮತ್ತ ನಿದ್ದಿ ಬರಾಕ ನೀ ಹಾಲಿನಾಗ ಗಸಗಸಿ ಕುಡೀಬೇಕಂತ, ಗುಡ್ಡದ ಬುಡದವರು ಹೇಳ್ಯಾರ."

ನನ್ನ ಪ್ರಶ್ನೆಯ ಜೊತೆ ಅವಳ ಬೈಗುಳವೂ ಗುಡ್ಡದವರೆಗೆ ಹೋಗಿತ್ತು. ಬೆಂಕಿ ಆರಿದ್ದನ್ನು ಎಲ್ಲ ಮಾಳಿಗೆಗಳೂ ಒಪ್ಪಿಕೊಂಡಿವೆ. ನನ್ನ ನಿದ್ದೆಯ ಮದ್ದಿನ ಬಗ್ಗೆ ಮಾತ್ರ ಸಂಜೆಯಾದರೂ ವಾದ ನಡೆದಿದೆ.