ನಿನ್ನ ಅಮ್ಮನ ತಾಳಿ ನನ್ನ ಕೈಯಲ್ಲಿದ್ದಾಗ

ನಂದಿನಿ, ನಿನ್ನ ಅಮ್ಮನ ಮೂತ್ರಪಿಂಡದ ಮೇಲಿದ್ದ ಗಂಟನ್ನು ನಾನು ನೋಡಿದ್ದೆ. ಡಾಕ್ಟರು ಕಂಡುಹಿಡಿಯುವುದಕ್ಕೆ ಎಷ್ಟೋ ಮೊದಲೇ ನೋಡಿದ್ದೆ. ನೋಡಿಯೂ ಏನೂ ಇಲ್ಲ ಎಂದಿದ್ದೆ.

ದೆಹಲಿಯ ಮೆಟ್ರೊ ಇನ್ನೂ ನಿಮ್ಮ ಕಡೆಗೆ ಬಂದಿರದ ಕಾಲ. ನಾನು ಪಿಎಚ್‌ಡಿ ವಿದ್ಯಾರ್ಥಿ. ಆರೋಗ್ಯವಾಗಿರುವ ಸಾವಿರಾರು ಜನರ ಇಡೀ ಮೈಯನ್ನು ಎಂಆರ್‌ಐ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಮುಂದೆ ಯಾರಿಗೆ ಯಾವ ಕಾಯಿಲೆ ಬರುತ್ತದೆಂದು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಮ್ಮದು. ಜನ ಸಿಗುತ್ತಿರಲಿಲ್ಲ. ವಸಂತ್ ಕುಂಜ್‌ನ ನಿಮ್ಮ ಮನೆಗೆ ಭಾನುವಾರದ ಊಟಕ್ಕೆ ಬರುತ್ತಿದ್ದ ನಾನು ಆಂಟಿಯನ್ನೇ ಕೇಳಿದೆ. "ನೀನು ಕರೆದ್ಮೇಲೆ ಬರದೆ ಇರ್ತೀನೇನಪ್ಪಾ" ಎಂದು ಆಟೋ ಹಿಡಿದು ಬಂದರು.

ಮೈಮೇಲೆ ಲೋಹ ಇರಬಾರದು. ಬರಿಗೊರಳಲ್ಲಿ ಇರಲಾರದೆ ಅವರು ಮನೆಯಿಂದಲೇ ಅರಿಶಿನದ ಕೊಂಬು ಕಟ್ಟಿದ ದಾರ ತಂದಿದ್ದರು. ಅದನ್ನು ಕಟ್ಟಿಕೊಂಡು, ತಾಳಿ ತೆಗೆದು, ಲಾಕರ್ ಬೇಡವೆಂದು ನನ್ನ ಕೈಗೇ ಕೊಟ್ಟರು. ಅದು ನನ್ನ ಮುಷ್ಟಿಯಲ್ಲಿರುವಾಗಲೇ ಪರದೆಯ ಮೇಲೆ ಆ ಗಂಟು—

ಪ್ರೊಫೆಸರಿಗೆ ತೋರಿಸಿದೆ. ಇದು ಸಂಶೋಧನೆ, ತಪಾಸಣೆಯಲ್ಲ, ಬಂದವರಿಗೆ ನಾವು ಏನೂ ಹೇಳುವ ಹಾಗಿಲ್ಲ, ವೈದ್ಯರ ಸಮಿತಿ ನೋಡಿ ತಿಳಿಸುತ್ತದೆ ಎಂದರು. ನಂಬಿದೆ. ಆ ಸಮಿತಿ ಒಮ್ಮೆಯೂ ಸೇರಿರಲಿಲ್ಲವೆಂದು ತಡವಾಗಿ ತಿಳಿಯಿತು. ನನಗೆ ಮೋಸ ಮಾಡಿದರೆಂದು ಎಷ್ಟು ವರ್ಷ ಕುದಿದಿದ್ದೇನೆ! ಆದರೆ ಅವರು ಸುಮ್ಮನಿರು ಎಂದಿದ್ದರು, ಸುಳ್ಳು ಹೇಳು ಎಂದಿರಲಿಲ್ಲ. ಅವತ್ತು ಸ್ಕ್ಯಾನ್ ಮುಗಿದು ತಾಳಿ ವಾಪಸು ತೆಗೆದುಕೊಳ್ಳುತ್ತಾ ಆಂಟಿ, "ಏನಾದ್ರೂ ಕಾಣಿಸ್ತೇನಪ್ಪಾ?" ಎಂದರು.

"ಏನೂ ಇಲ್ಲ ಆಂಟಿ, ಚೆನ್ನಾಗಿದೀರಿ" ಎಂದೆ. ಯಾರೂ ಹೇಳಿಕೊಟ್ಟ ಮಾತಲ್ಲ ಅದು.

ಮರುವರ್ಷ ಅವರಿಗೆ ಪಕ್ಕೆನೋವು ಶುರುವಾಯಿತು. ಊಟಕ್ಕೆ ಕೂತಾಗ ನೀನು ಹಠ ಹಿಡಿದೆ. "ಅಮ್ಮಾ, ಪ್ಲೀಸ್, ಏಕ್ ಬಾರ್ ಡಾಕ್ಟರ್ ಹತ್ರ ಚಲೋ ನಾ."

"ಸುಮ್ನಿರೇ. ತಲೆಯಿಂದ ಪಾದದವರೆಗೂ ನೋಡಿದಾನೆ ನಮ್ಮ ಹುಡುಗ. ಹೇಳಪ್ಪಾ ಇವಳಿಗೆ."

ಇಬ್ಬರೂ ನನ್ನ ಮುಖ ನೋಡಿದಿರಿ. ಈಗ ಬಾಯಿಬಿಟ್ಟರೆ ಹಿಂದಿನ ಸುಳ್ಳು ಬಯಲಾಗುತ್ತದೆ— ಹೆದರಿದೆ. "ಹೂಂ" ಎಂದು ಸಾರನ್ನ ಕಲಸಿಕೊಂಡೆ. ನೀನು ಸುಮ್ಮನಾದೆ.

ಕೊನೆಗೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಗಂಟಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮೊದಲೇ ಬಂದಿದ್ದರೆ ತೆಗೆದುಹಾಕಬಹುದಿತ್ತು ಎಂದ ಡಾಕ್ಟರ ಮಾತನ್ನು ನೀನೇ ನನಗೆ ಹೇಳಿದೆ.

ಆಂಟಿಯ ತಿಥಿಯ ದಿನ ಪ್ರತಿವರ್ಷ ನೀನು ಫೋನ್ ಮಾಡುತ್ತೀಯ. ಈ ಸಲವೂ ನೀನು ಅತ್ತುಬಿಟ್ಟೆ. "ನಾನು ಇನ್ನೂ ಜಿದ್ ಮಾಡ್ಬೇಕಿತ್ತು ಅಣ್ಣಾ. ಮೇರೀ ಹೀ ಗಲತೀ ಹೈ." ತಪ್ಪು ನಿನ್ನದಲ್ಲ ಎಂದು ನಾನು ಎಂದಿನಂತೆ ಸಮಾಧಾನ ಹೇಳಿದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ನೀನು ಮಾಡಬೇಕಾದಷ್ಟು ಹಠ ಮಾಡಿದ್ದೆ ನಂದಿನಿ. ನಿನ್ನ ಬಾಯಿ ಮುಚ್ಚಿಸಿದ್ದು ನನ್ನ ಒಂದು "ಹೂಂ". ಕ್ಷಮಿಸು ಎಂದು ಕೇಳುತ್ತಿಲ್ಲ. ಮುಂದಿನ ತಿಥಿಗೆ ನಿನ್ನ ಫೋನ್ ಬರದಿದ್ದರೆ— ಬರಬೇಕೆಂದು ಕಾಯುವ ಹಕ್ಕೂ ನನಗಿಲ್ಲ. ಆದರೆ ಅವತ್ತು ಅಳು ಬಂದಾಗ ನಿನ್ನನ್ನು ನೀನು ಬೈದುಕೊಳ್ಳಬೇಡ. ನನ್ನನ್ನು ಬೈ.