ಕಡಲು ನೋಡಲು ಹೋಗಿ ಕಾಯಿ ಅಲ್ಲಾಡಿಸಿದ ಗಂಡಹೆಂಡತಿ

ಹುಳಿಯಾರಿನ ಹತ್ತಿರದ ಹಟ್ಟಿಯ ಚಿತ್ತಣ್ಣನ ಕಸುಬು ಕೇಳುವುದು. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡರೆ ಉಂಡೆ ಕೊಬ್ಬರಿ. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಆಯಿತು. ನೀರು ಕುಲುಕಿದರೆ ಇನ್ನೂ ಇರಲಿ. ಅವಸರಕ್ಕೆ ಒಡೆದರೆ ತಿರುಳು ಚಿಪ್ಪಿಗೇ ಕಚ್ಚಿಕೊಂಡು ಚೂರು ಚೂರಾಗುತ್ತದೆ. ಅದು ಎಣ್ಣೆಗೆ ಮಾತ್ರ.

ಇಷ್ಟನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಅರ್ಧ ಆಗಿರುವ ಕಾಯಿ ಬಹಳ ಮೋಸ ಮಾಡುತ್ತದೆ. ಅದಕ್ಕೇ ದಬ್ಬೇಘಟ್ಟದಿಂದ ಹಾಲ್ಕುರಿಕೆಯವರೆಗೂ ಅಟ್ಟದ ಕಾಯಿ ಇಳಿಸುವ ಮುಂಚೆ ಚಿತ್ತಣ್ಣನಿಗೆ ಹೇಳಿ ಕಳಿಸುತ್ತಿದ್ದರು. ಅವನು ಹತ್ತಿ, ಒಂದೊಂದಾಗಿ ಬಲಗಿವಿಗೆ ಹಿಡಿದು, ‘ಇಳಿಸಿ’ ಎಂದರೆ ಇಳಿಸುವುದು. ಅವನ ಹೆಂಡತಿ ಬೋರಕ್ಕ ನಮ್ಮ ಜೊತೆ ಕೆಳಗೆ ಕೂತು ಚಿಪ್ಪು ಒಡೆಯುವವಳು. ಅಟ್ಟ ಹತ್ತುವುದು ಗಂಡಸರು, ಒಡೆಯುವುದು ಹೆಂಗಸರು, ಮೊದಲಿನಿಂದಲೂ ಹಾಗೆಯೇ. ಈ ಕಥೆಯನ್ನು ಅವಳೇ ಕೆಲಸ ಮಾಡುತ್ತ ಮಾಡುತ್ತ ಹೇಳಿದಳು.

ಹೋದ ದೀಪಾವಳಿಗೆ ಮುಂಚೆ ಅರಳಗುಪ್ಪೆಯ ಸಣ್ಣತಿಮ್ಮಯ್ಯನವರ ಮನೆಯಲ್ಲಿ ಚಿತ್ತಣ್ಣ ಅಟ್ಟ ಹತ್ತಿ, ‘ಎಲ್ಲಾ ಆಗೈತೆ, ಇಳಿಸಿ’ ಎಂದ. ಇಳಿಸಿದರು, ಸುಲಿದರು. ನಾವು ಒಡೆಯಲು ಕೂತರೆ ಮೂರಕ್ಕೊಂದು ಕಾಯಲ್ಲಿ ನೀರು! ಸೀರೆಯೆಲ್ಲ ಒದ್ದೆ. ಸಣ್ಣತಿಮ್ಮಯ್ಯ ದೊಡ್ಡ ಮನುಷ್ಯ, ಬೈಯಲಿಲ್ಲ. “ಈ ವರ್ಸ ತಂಡಿ ಜಾಸ್ತಿ ಬುಡು ಚಿತ್ತಣ್ಣ” ಎಂದರು. ಬೈದಿದ್ದರೇ ಚೆನ್ನಾಗಿತ್ತೋ ಏನೋ. ಚಿತ್ತಣ್ಣ ಟವೆಲು ಕೊಡವಿಕೊಂಡು ಎದ್ದು ಹೋದ.

ಅವತ್ತಿನಿಂದ ಅವನಿಗೆ ಮಂಡಿನೋವು. ಯಾರು ಕರೆದರೂ “ಏಣಿ ಹತ್ತಕ್ಕಾಗಲ್ಲ ಕಣಪ್ಪ” ಎಂದುಬಿಡುತ್ತಿದ್ದ. ಬೋರಕ್ಕ ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಎರಡೂ ಮಂಡಿಗೆ ತಿಕ್ಕುತ್ತಿದ್ದಳು. ಮಾತೂ ಕಡಿಮೆಯಾಯಿತು. ಏನು ಹೇಳಿದರೂ ತಲೆ ಆಡಿಸುವುದು, ಅಷ್ಟೇ. ತುರುವೇಕೆರೆಗೆ ಕೊಟ್ಟಿರುವ ಮಗಳು ವನಿತಾ ಬಂದು ನೋಡಿ ಗಾಬರಿಯಾದಳು. ಅಲ್ಲಿ ಅವಳು ಅಂಗನವಾಡಿ ಟೀಚರ್.

“ಅವ್ವ, ನಿಮ್ಮ ಮದುವೆಯಾಗಿ ನಲವತ್ತು ವರ್ಸ ಆಗ್ತದೆ. ಉಡುಪಿ ಕಡೆ ಸಮುದ್ರದ ದಡದಾಗೆ ಹೋಟ್ಲು ಐತೆ. ಎರಡು ದಿನ ಇದ್ದು ಬನ್ನಿ. ಮದುವೆ ತಾರೀಕು ಹೇಳು, ಅವ್ರು ಕೇಕ್ ಕೊಡ್ತಾರಂತೆ.”

“ತಾರೀಕು ಯಾವಳಿಗೆ ಗೊತ್ತೇ? ಶಿವರಾತ್ರಿ ಕಳೆದು ನಾಕನೇ ದಿನ.”

ವನಿತಾ ಕ್ಯಾಲೆಂಡರ್ ನೋಡಿ ಆ ದಿನ ಸೇರುವ ಹಾಗೆ ಎರಡು ದಿನಕ್ಕೆ ರೂಮು ಹೇಳಿದಳು.

ಬಸ್ಸಿಳಿದು ಹೋಟೆಲಿನ ಬಾಗಿಲಿಗೆ ಬಂದಾಗ ಮಧ್ಯಾಹ್ನ. ರೂಮು ಮೂರನೇ ಮಹಡಿ. ಲಿಫ್ಟಿನ ಮುಂದೆ ಜನ ನಿಂತಿದ್ದರು. ಮೇಲಿನಿಂದ ಸಮುದ್ರ ಕಾಣುತ್ತದೆ ಎಂದು ಯಾರೋ ಅಂದದ್ದೇ ತಡ, ಚಿತ್ತಣ್ಣ ಬ್ಯಾಗು ಹೆಗಲಿಗೆ ಹಾಕಿಕೊಂಡು ದಡದಡ ಮೆಟ್ಟಿಲು ಹತ್ತಿಬಿಟ್ಟ. ಬೋರಕ್ಕ ಏದುಸಿರು ಬಿಡುತ್ತ ಮೇಲೆ ಬಂದಳು. ಅವನು ಆಗಲೇ ಬಾಲ್ಕನಿಯಲ್ಲಿ ನಿಂತು ನಗುತ್ತಿದ್ದ. ಮಂಡಿ ಹಿಡಿದುಕೊಂಡಿರಲಿಲ್ಲ. ಅವಳು ಅದನ್ನು ನೋಡಿಕೊಂಡಳು.

ಸಂಜೆ ಮರಳಿನ ಮೇಲೆ ಕೂತರು. ಅಲೆಯ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಂಸಾರದವರು ಕಿರುಚಿಕೊಂಡೇ ಮಾತಾಡುತ್ತಿದ್ದರು. “ಆಂ? ಏನಂದೆ?” ಎಂದು ಎಲ್ಲರದೂ ಅದೇ ಮಾತು. ಚಿತ್ತಣ್ಣ ಕೂಡ “ಏನಂದೆ? ಜೋರಾಗಿ ಹೇಳೇ” ಎಂದು ಹತ್ತು ಸಲ ಕೇಳಿದ. ನಾಲ್ಕು ತಿಂಗಳಲ್ಲಿ ಆಡದಷ್ಟು ಮಾತು ಆಡಿದ. ಅವಳಿಗೆ ಖುಷಿಯೇ. ಆದರೂ ಏನೋ ಚುಚ್ಚಿದ ಹಾಗಾಯಿತು. ಮನೆಯಲ್ಲಿ ಒಂದು ಸಲವಾದರೂ ಇವರು ‘ಏನಂದೆ’ ಅಂದದ್ದುಂಟಾ? ಬರೀ ತಲೆ ಆಡಿಸುತ್ತಿದ್ದರಲ್ಲ?

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವ ಕೋಣೆ. ಗಾಜಿನ ಬಾಗಿಲು ಹಾಕಿದ್ದರಿಂದ ಒಳಗೆ ಒಂದು ಸದ್ದಿಲ್ಲ. ಬೋರಕ್ಕ ಬೇಕೆಂದೇ ಅವನ ಬೆನ್ನಹಿಂದೆ ನಿಂತು ಮೆಲ್ಲಗೆ ಕೇಳಿದಳು, “ಏನ್ರೀ, ಚಟ್ನಿ ಹಾಕಿಸ್ಕೊಂಡು ಬರ್ಲಾ?” ತಿರುಗಲಿಲ್ಲ. ಇನ್ನೊಂದು ಸಲ ಕೇಳಿದಳು. ಬಡಿಸುವವನು ತಿರುಗಿ ನೋಡಿದ, ಗಂಡ ತಿರುಗಲಿಲ್ಲ.

ತಿಂಡಿಯಾದ ಮೇಲೆ ಚಿತ್ತಣ್ಣ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯ ಹಿಂದೆ ನಿಂತಿದ್ದ. ಅಲ್ಲಿ, ತೋಟದಲ್ಲಿ ಉದುರಿದ ಹಳೇ ಕಾಯಿಗಳನ್ನು ನೀರೊಲೆಗೆಂದು ಗೋಡೆ ಪಕ್ಕ ಗುಡ್ಡೆ ಹಾಕಿದ್ದರು. ಒಂದು ಕಾಯಿ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದ. ಎಡಗಿವಿಗೆ ಹಿಡಿದ. ಆಮೇಲೆ ಕಾಯನ್ನು ದವಡೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದ. ಬೋರಕ್ಕ ಹೋಗಿ ಕಾಯಿ ಕಿತ್ತುಕೊಂಡಳು, ತಾನೇ ಅಲ್ಲಾಡಿಸಿದಳು.

“ಲೊಡಲೊಡ ಅಂತೈತಲ್ರೀ!”

ಅವನು ಅವಳ ತುಟಿ ನೋಡಿದ. ಆಮೇಲೆ ನೆಲ ನೋಡಿದ.

“ಎಷ್ಟು ದಿನದಿಂದ?”

“ವರ್ಸದ ಮೇಲಾಯ್ತು ಕಣೇ. ಮೊದ್ಲು ಸಣ್ಣ ಸದ್ದು ಹೋಯ್ತು. ಅರಳಗುಪ್ಪೇಲಿ ನಂಗೆ ಏನೂ ಕೇಳ್ನಿಲ್ಲ. ಅಂದಾಜಿನ ಮೇಲೆ ಇಳಿಸಿ ಅಂದ್ಬುಟ್ಟೆ.”

“ಹಂಗಾರೆ ಮಂಡಿ?”

ಅವನು ಪಂಚೆ ಇಳಿಬಿಟ್ಟು ಮಂಡಿ ಮುಚ್ಚಿಕೊಂಡ.

“ನಾಕು ತಿಂಗ್ಳು ಎಣ್ಣೆ ತಿಕ್ಕಿಸ್ಕೊಂಡ್ರಲ್ರೀ! ಕೈಗೆ ಬೊಬ್ಬೆ ಬರಂಗೆ ತಿಕ್ಕಿದೀನಿ, ಒಂದಿನಾನಾದ್ರೂ ಸಾಕು ಬುಡು ಅನ್ನಬಾರದಾ?”

“ಹಿತವಾಗಿರೋದು ಕಣೇ” ಎಂದ ಚಿತ್ತಣ್ಣ.

ಅವಳಿಗೆ ಅಳು, ನಗು ಎರಡೂ ಬಂತಂತೆ. ಅವನು ಮಾತ್ರ ನಗಲಿಲ್ಲ. “ಚಿತ್ತಣ್ಣ ಅಂದ್ರೆ ಅವನ ಕಿವಿ ಅಂತಿದ್ರು. ಅದೇ ಹೋಯ್ತು ಅಂದ್ರೆ ಇನ್ನು ಯಾರ ಅಟ್ಟಕ್ಕೆ ಹೋಗ್ಲಿ? ಮಂಡಿ ಅಂದ್ರೆ ಮರ್ವಾದಿ ಉಳೀತದೆ” ಎಂದ.

ಬೋರಕ್ಕ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. “ನೀವು ಮೇಲಿಂದ ಇಳಿಸಿದ್ದನ್ನ ನಲವತ್ತು ವರ್ಸ ಒಡದೋಳು ನಾನು. ಒಡೆಯೋಕ್ಕೆ ಮುಂಚೆ ಕೈಯಾಗೆ ಹಿಡಿದ್ರೆ ನಂಗೂ ಗೊತ್ತಾಗ್ತದೆ. ನೀವು ಹೇಳ್ಕೊಡಿ, ನಾನು ಕೇಳ್ತೀನಿ.”

“ಹೆಂಗಸ್ರು ಅಟ್ಟ ಹತ್ತೋದುಂಟಾ?”

“ಹತ್ತಬಾರದು ಅಂತ ಯಾರು ಹೇಳವ್ರೆ? ಯಾರೂ ಕರೀನಿಲ್ಲ, ಅದಕ್ಕೆ ಹತ್ತನಿಲ್ಲ.”

ಚಿತ್ತಣ್ಣ ಅಡುಗೆಯವರ ಹತ್ತಿರ ಕತ್ತಿ ಇಸ್ಕೊಂಡು ಬಂದ. ಅವಳು ಅಲ್ಲಾಡಿಸಿ ಆಗಿದೆಯೋ ಇಲ್ಲವೋ ಹೇಳುವುದು, ಅವನು ಸಿಪ್ಪೆ ಬಿಡಿಸಿ ಒಡೆದು ನೋಡುವುದು. ಮೊದಲ ಐದರಲ್ಲಿ ಎರಡು ತಪ್ಪಿದಳು. “ಜೋರಾಗಿ ಅಲ್ಲಾಡಿಸ್ಬೇಡ ಕಣೇ, ಮಗು ತೂಗಿದಂಗೆ ತೂಗು. ಒಂದೇ ಸದ್ದು ಬಂದ್ರೆ ಆಗೈತೆ. ಸದ್ದಿನ ಹಿಂದೆ ಇನ್ನೊಂದು ಸಣ್ಣ ಸದ್ದು ಬಂದ್ರೆ ತಿರುಳು ಒಂದು ಕಡೆ ಇನ್ನೂ ಅಂಟೈತೆ.” ತನಗೇ ಕೇಳಿಸದ ಸದ್ದನ್ನು ಅವನು ಅಷ್ಟು ಸರಿಯಾಗಿ ಹೇಳುತ್ತಿದ್ದ. ಅವಳು ಇನ್ನೊಂದು ಕಾಯಿ ಎತ್ತಿ ಹಾಗೇ ತೂಗಿದಳು. ಮುಂದಿನ ಇಪ್ಪತ್ತರಲ್ಲಿ ತಪ್ಪಿದ್ದು ಒಂದೇ.

ಹೋಟೆಲಿನ ಯಜಮಾನಿ ಕೇಕ್ ಹಿಡಿದುಕೊಂಡು ಇವರನ್ನು ಎಲ್ಲೆಲ್ಲೋ ಹುಡುಕಿ ಅಲ್ಲಿಗೇ ಬಂದರು. ಸುತ್ತ ಸಿಪ್ಪೆ, ಚಿಪ್ಪು, ನಡುವೆ ಇವರಿಬ್ಬರು.

“ಎಂತ ಮಾರಾಯ್ರೆ ಇದು! ಸಮುದ್ರ ಆಚೆ ಬದಿ ಉಂಟು, ನೀವು ಇಲ್ಲಿ ಕೂತು ಎಂತ ಮಾಡುದು?”

“ನಮ್ಮ ಯಜಮಾನ್ರು ಪಾಠ ಮಾಡ್ತವ್ರೆ ಕಣಮ್ಮ” ಎಂದಳು ಬೋರಕ್ಕ. ಕೇಕನ್ನು ಅಲ್ಲೇ ಅದೇ ಕತ್ತಿಯಲ್ಲಿ ಕೊಯ್ದರು. ಅಡುಗೆಯವರಿಗೂ ಒಂದೊಂದು ತುಂಡು, ಜೊತೆಗೆ ಹೊಸ ಕೊಬ್ಬರಿ.

ಊರಿಗೆ ಬಂದ ಮೇಲೆ ವನಿತಾ ಅಪ್ಪನನ್ನು ತುಮಕೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಿಷನ್ ಹಾಕಿದರೆ ಮಾತು ಕೇಳುತ್ತದೆ, ಕಾಯಿಯ ಒಳಸದ್ದು ಹೇಳುವುದು ಕಷ್ಟ ಎಂದರು. ಅದಕ್ಕೆ ಅವನು ಕುಗ್ಗಲಿಲ್ಲ. ವಾಪಸು ಬಂದ ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಅರಳಗುಪ್ಪೆಗೆ ಹೊರಟ. ಅವತ್ತು ಅಲ್ಲಿ ನಾವೂ ಇದ್ದೆವು.

“ಸ್ವಾಮಿ, ಅವತ್ತು ತಂಡಿ ಅಲ್ಲ, ನನ್ನ ಕಿವಿ” ಎಂದು ಜಗುಲಿಯ ಕೆಳಗೇ ನಿಂತು ಎಲ್ಲರ ಎದುರು ಹೇಳಿದ. “ನಂಗೆ ಕೇಳಲ್ಲ. ಇವಳಿಗೆ ಕೇಳ್ತದೆ. ನೀವು ಒಪ್ಪಿದ್ರೆ ಇವಳು ಹತ್ತುತಾಳೆ, ನಾನು ಜೊತೇಲಿರ್ತೀನಿ.”

ಸಣ್ಣತಿಮ್ಮಯ್ಯ ಒಳಗೆ ಹೋಗಿ, ತಾವೇ ಅಟ್ಟದಿಂದ ಎಂಟು ಕಾಯಿ ತಂದು ಬೋರಕ್ಕನ ಮುಂದೆ ಇಟ್ಟರು. ನಾವೆಲ್ಲ ಸುತ್ತ ಕೂತೆವು. ಅವಳು ಒಂದೊಂದನ್ನೇ ತೂಗಿ ತೂಗಿ ಐದನ್ನು ಈ ಕಡೆ, ಮೂರನ್ನು ಆ ಕಡೆ ಇಟ್ಟಳು.

“ಈ ಮೂರು ಇನ್ನೂ ಒಂದು ತಿಂಗ್ಳು ಇರ್ಲಿ.”

ಅವರು ಆ ಮೂರನ್ನೇ ಸುಲಿಸಿ ಒಡೆಸಿದರು. ಎರಡರಲ್ಲಿ ಗುಟುಕು ನೀರು, ಒಂದರಲ್ಲಿ ತಿರುಳು ಚಿಪ್ಪು ಬಿಟ್ಟಿರಲಿಲ್ಲ. ಈ ಕಡೆಯ ಐದನ್ನೂ ಒಡೆದರೆ ಉಂಡೆಗಳು ಚೆಂಡಿನ ಹಾಗೆ ಉರುಳಿದವು.

“ಏಣಿ ಭದ್ರವಾಗಿ ಹಿಡ್ಕೊಳ್ರೋ!” ಎಂದು ಸಣ್ಣತಿಮ್ಮಯ್ಯ ಒಳಗೆ ಕೂಗಿದರು. “ಹತ್ತವ್ವ ಬೋರಕ್ಕ. ಚಿತ್ತಣ್ಣ, ನೀನೂ ಹತ್ತು. ಯಾವ ಮೂಲೆ ಕಾಯಿ ತಡವಾಗಿ ಒಣಗ್ತದೆ ಅಂತ ನಿಂಗಲ್ಲದೆ ಇನ್ಯಾರಿಗೆ ಗೊತ್ತು?”

ಮೊದಲು ಅವನು ಹತ್ತಿದ. ಮೇಲಿನಿಂದ ಕೈ ಕೊಟ್ಟ. ಬೋರಕ್ಕ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವಳ ದನಿ ಕೇಳಿಸಿತು.

“ಇಳಿಸ್ಕೊಳ್ರೇ!”

ನಾವು ಕೆಳಗೆ ಗೋಣಿತಾಟು ಹಾಸಿದೆವು.