ಎಕ್ಸ್‌ರೇ ಹಾಳೆಯ ಅಕ್ಷರಗಳು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಬರೆದು ಎದ್ದಿದ್ದೇನೆ. ಈಗ ವಯಸ್ಸಾಗಿದೆ. ಇನ್ನೂ ಮುಂದೂಡಿದರೆ ಬರೆಯಲಾಗುವುದಿಲ್ಲ.

ಚಾಮರಾಜನಗರದಲ್ಲಿ ನಾನೂ ಒಬ್ಬ ಭಾಯಿಯೂ ಸೇರಿ ಬೋರ್ಡು ಬರೆಯುತ್ತಿದ್ದೆವು. ಅಂಗಡಿ ಹೆಸರುಗಳನ್ನು ಬ್ರಷ್ಷಿನಲ್ಲಿ ಬರೆಯುತ್ತಿದ್ದೆವು. ಅರಿಶಿನದ ಮೂಟೆ, ಲಾರಿಯ ಹಲಗೆಗಳಿಗೆ ಮಾತ್ರ ಅಚ್ಚು, ಅಂದರೆ ಅಕ್ಷರ ಕತ್ತರಿಸಿ ತೆಗೆದ ಹಾಳೆಯಿಟ್ಟು ಮೇಲೆ ಬಣ್ಣ ಹಚ್ಚುವುದು. ಅಚ್ಚು ಕತ್ತರಿಸುತ್ತಿದ್ದವರು ಭಾಯಿಯ ಹೆಂಡತಿ. ಗುಜರಿಯಿಂದ ತಂದ ಹಳೆಯ ಎಕ್ಸ್‌ರೇ ಹಾಳೆ, ಅರ್ಧ ಬ್ಲೇಡು, ಅಷ್ಟೇ. ಆ ಹಾಳೆಯ ಮೇಲೆ ಬ್ಲೇಡು ದುಂಡಗೆ ತಿರುಗುವುದಿಲ್ಲ. ಹಾಗಾಗಿ ಕನ್ನಡದ ಗುಂಡು ಅಕ್ಷರಗಳನ್ನೆಲ್ಲ ಆಕೆ ನೇರ ಗೆರೆಗಳಲ್ಲೇ ಕಟ್ಟಿದರು. ತಲೆಕಟ್ಟು ಒಂದು ಅಡ್ಡಪಟ್ಟಿ. ಸೊನ್ನೆಗೆ ಆರು ಮೂಲೆ. ಗೆರೆ ಎಲ್ಲ ಕಡೆ ಒಂದೇ ದಪ್ಪ, ತುದಿಯಲ್ಲಿ ಬಾಲವಿಲ್ಲ, ಬಳುಕಿಲ್ಲ. ಸೊನ್ನೆಯಂಥವುಗಳ ನಡುವಿನ ತುಂಡು ಕಳಚಿ ಬೀಳದಿರಲೆಂದು ಎಡಗಡೆ ಕೆಳಮೂಲೆಯಲ್ಲಿ ಸಣ್ಣ ಪಟ್ಟಿ ಬಿಡುತ್ತಿದ್ದರು. ಬಣ್ಣ ಹಚ್ಚಿದಾಗ ಅಲ್ಲೊಂದು ಬಿರುಕು ಉಳಿಯುತ್ತಿತ್ತು. ಗೋಣಿಯ ಮೇಲೆ ಬಣ್ಣ ಹರಡಿದರೂ ಆ ಅಕ್ಷರಗಳನ್ನು ದೂರದಿಂದ ಓದಬಹುದಿತ್ತು.

ತೂಗುಹಾಕಿದ ಅಚ್ಚುಗಳ ಹಿಂದೆ ಬಿಸಿಲು ಬಿದ್ದರೆ ಯಾರದೋ ಪಕ್ಕೆಲುಬುಗಳ ನಡುವೆ 'ಶ', ಯಾರದೋ ಬುರುಡೆಯೊಳಗೆ 'ರ'. ನನಗೆ ಮೈ ಜುಮ್ಮೆನ್ನುತ್ತಿತ್ತು. ಭಾಯಿ ನಗುತ್ತಿದ್ದರು. "ನೀನು ಬರ್ದ ಅಕ್ಸರ ಎಲ್ಲಾ ಉಂಡು ಮನಿಕಂಡಂಗವೆ ಕಣ್ಲಾ. ನಮ್ಮನೇವ್ಳವು ನೋಡು, ಎಂಗೆ ನೆಟ್ಟಗೆ ನಿಂತವೆ."

ಆ ಮಾತು ಒಳಗೆಲ್ಲೋ ಚುಚ್ಚಿಕೊಂಡೇ ಇತ್ತು. ಫ್ಲೆಕ್ಸ್ ಬಂದು ನಮ್ಮ ಕೆಲಸ ನಿಂತ ಮೇಲೆ ನಾನು ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಯೊಂದಕ್ಕೆ ಸೇರಿದೆ. ಅಚ್ಚುಗಳ ಕಂತೆ ನನ್ನ ಬಳಿ ಉಳಿದಿತ್ತು. ಮಾಲೀಕನಿಗೆ ತೋರಿಸಿ, ನಾನೇ ರೂಪಿಸಿದ್ದು ಎಂದೆ. ಅವನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಫಾಂಟ್ ಮಾಡಿಸಿದ. ಬೇಕರಿ, ಕೇರಳಕ್ಕೆ ತರಕಾರಿ ಒಯ್ಯುವ ವ್ಯಾನು, ಕಲ್ಯಾಣ ಮಂಟಪ, ಎಲ್ಲಿ ನೋಡಿದರೂ ಅವೇ ಮೂಲೆಗಳು, ಅದೇ ಬಿರುಕು. ಜನ ನನ್ನನ್ನು ಹೊಗಳಿದರು. ಭಾಯಿಯ ಮನೆ ಕಡೆ ಹೋಗುವುದನ್ನು ಬಿಟ್ಟೆ.

ಭಾಯಿ ತೀರಿಕೊಂಡಾಗ ಆಟೋ ಸ್ಟ್ಯಾಂಡಿನ ಹುಡುಗರು ಅವರ ಮನೆಯೆದುರಿನ ಕಂಬಕ್ಕೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದರು. ಮಾತಾಡಿಸಿಕೊಂಡು ಬರಲು ಹೋದೆ. ಗಂಡ ಹೋದ ಮೇಲಿನ ಇದ್ದತ್ತಿನ ದಿನಗಳು. ಆಕೆ ಹೊರಗೆ ಬರುವಂತಿರಲಿಲ್ಲ. ಆದರೆ ಕಿಟಕಿಯಿಂದ ಆ ಫ್ಲೆಕ್ಸ್ ಹಗಲೆಲ್ಲ ಕಾಣುತ್ತಿತ್ತು. ಪರದೆಯ ಆಚೆಯಿಂದ ಧ್ವನಿ ಬಂತು.

"ಅಣ್ಣ, ಅದು ನಾನು ಕಟ್ ಮಾಡಿದ ಅಕ್ಷರ. ಸೊನ್ನೇಲಿ ಬಿರುಕು ಕೂಡ ನಂದೇ. ಅವರು ಹೋದ್ರು ಅಂತ ನಾನು ಯಾವಾಗ ಕಟ್ ಮಾಡಿದೆ? ನಂಗೆ ನೆನಪೇ ಇಲ್ವಲ್ಲ."

ನಿಮ್ಮ ಅಚ್ಚುಗಳನ್ನು ನಾನೇ ಕೊಟ್ಟೆ ಎಂಬ ಒಂದು ಮಾತು ಸಾಕಿತ್ತು. ನಾಲಿಗೆ ಬೇರೆಯದನ್ನೇ ಹೇಳಿತು. "ಕಂಪ್ಯೂಟರಲ್ಲಿ ಏನೇನೋ ಬತ್ತದೆ ಕಣಮ್ಮ. ತಲೆ ಕೆಡಿಸ್ಕೋಬೇಡಿ."

ಆಕೆ ಮೆಲ್ಲಗೆ ಕೇಳಿದರು: "ಅವರು ಬದುಕಿದ್ದಾಗ್ಲೇ ಕಟ್ ಮಾಡಿಟ್ಟಿದ್ನಾ, ಅಣ್ಣ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಫ್ಲೆಕ್ಸ್ ಹರಿದುಹೋಗಿ ಎಷ್ಟೋ ಕಾಲವಾಯಿತು. ಆಕೆ ಈಗಲೂ ತರಕಾರಿ ಹೆಚ್ಚಲು ಕತ್ತಿ ಮುಟ್ಟುವುದಿಲ್ಲವಂತೆ, ತನಗೇ ತಿಳಿಯದೆ ಇನ್ಯಾರ ಸಾವನ್ನು ಕತ್ತರಿಸೀತೋ ಎಂದು ಬಲಗೈಗೆ ಬಟ್ಟೆ ಸುತ್ತಿಕೊಂಡೇ ಮಲಗುತ್ತಾರಂತೆ. ಅವರ ಮಗಳು ಪೇಟೆಯಲ್ಲಿ ಸಿಕ್ಕಾಗ ಹೇಳಿದಳು. ಆಗಲೂ ಏನೋ ನೆಪ ಹೇಳಿ ಹೊರಟುಬಿಟ್ಟೆ.

ಇವತ್ತಿನವರೆಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಆಕೆಯನ್ನು, ಆ ಅಕ್ಷರಗಳ ಒಡತಿಯನ್ನು, ಭಾಯಿಯ ಹೆಂಡತಿಯನ್ನು.